ಬಾಗಿಲಿಗೆ ಬೇವಿನ ತಪ್ಪಲ ಕಟ್ಟಿದ ಮನೆಗೆ ಡಾಕ್ಟರು ಬರಬಹುದೇ?

ಓದುಗರ ಪ್ರಶ್ನೆ:

ಡಾಕ್ಟ್ರೇ, ನಮ್ಮದು ಶಹಾಪುರ ತಾಲ್ಲೂಕಿನ ಒಂದು ಹಳ್ಳಿ. ಆರು ವರ್ಷದ ನನ್ನ ಮಗನಿಗೆ ಅಮ್ಮ ಆಗಿ ಇಂದಿಗೆ ಮೂರು ದಿನ. ಮೈತುಂಬ ನೀರುಗುಳ್ಳೆ, ಜ್ವರ, ತುರಿಕೆ. ಅತ್ತೆಯವರು ಬಾಗಿಲಿಗೆ ಬೇವಿನ ತಪ್ಪಲ ಕಟ್ಟಿದ್ದಾರೆ. ಒಂಬತ್ತು ದಿನ ಮನೆಯಲ್ಲಿ ಒಗ್ಗರಣೆ ಇಲ್ಲ, ಮಗನಿಗೆ ಜಳಕ ಇಲ್ಲ, ದವಾಖಾನೆ ಹೆಸರು ಎತ್ತುವಂತಿಲ್ಲ. “ಸೂಜಿ ಚುಚ್ಚಿದ್ರ ತಾಯಿ ಸಿಟ್ಟಿಗೇಳ್ತಾಳ” ಅನ್ನುತ್ತಾರೆ. ನನ್ನ ನಾದಿನಿ ಕುಬಸಕ್ಕೆಂದು ತವರಿಗೆ ಬಂದಿದ್ದಾಳೆ, ಅವಳಿಗೆ ಐದನೇ ತಿಂಗಳು.

ಅತ್ತೆ ಮಾತು ಮಾತಿಗೂ ತಮ್ಮ ಅಜ್ಜಿಯ ಕತೆ ತೆಗೆಯುತ್ತಾರೆ. ನಿಜಾಮರ ಕಾಲದಲ್ಲಿ ದೇವಿ ಹಾಕುವವರು, ಅಂದರೆ ಸಿಡುಬಿನ ಲಸಿಕೆ ಹಾಕುವವರು, ಊರಿಗೆ ಬಂದಾಗ ಆ ಅಜ್ಜಿ ತನ್ನ ಮೂರೂ ಮಕ್ಕಳನ್ನು ಕಣಕಿ ಬಣವಿಯ ಸಂದಿಯಲ್ಲಿ ಮುಚ್ಚಿಟ್ಟಳಂತೆ. ಮುಂದಿನ ಬೇಸಿಗೆಯಲ್ಲಿ ಊರಿಗೆ ಮೈಲಿ ಬೇನೆ, ಅಂದರೆ ಸಿಡುಬು, ಬಂತು. ಇಬ್ಬರು ಹೋದರು. ಮೂರನೆಯವಳು ಒಂದು ಕಣ್ಣು ಕಳೆದುಕೊಂಡು ಉಳಿದಳು. ಅವಳೇ ನಮ್ಮ ಅತ್ತೆಯ ತಾಯಿ. “ತಾಯಿ ಕಣ್ಣು ತಗೊಂಡು ಜೀವ ಕೊಟ್ಟಾಳ, ಆಕಿನ್ನ ಕೆಣಕಬ್ಯಾಡ್ರಿ” ಎಂದು ಅತ್ತೆ ಅಳುತ್ತಾರೆ. ವಿಜ್ಞಾನ ಓದಿದ ನನ್ನ ಗಂಡ “ನಿಮ್ಮ ಅಜ್ಜಿಯ ಮೂಢತನಕ್ಕೇ ಆ ಮಕ್ಕಳು ಸತ್ತದ್ದು” ಎಂದುಬಿಟ್ಟರು. ಅಂದಿನಿಂದ ತಾಯಿ ಮಗನ ನಡುವೆ ಮಾತಿಲ್ಲ. ಆ ಅಜ್ಜಿ ನಿಜವಾಗಿ ಮೂಢಳೇ? ನಾನು ಮಗನನ್ನು ತೋರಿಸಿದರೆ ತಪ್ಪೇ? ಅತ್ತೆಗೆ ಹೇಗೆ ಹೇಳಲಿ?

ಉತ್ತರ:

ತಂಗಿ, ನಿಮ್ಮ ಪತ್ರ ಕೈಗೆ ಬಂದ ದಿನವೇ ಫೋನಿನಲ್ಲಿ ಮಾತಾಡಿದ್ದೇವೆ. ಆ ಮಾತನ್ನೇ ಇಲ್ಲಿ ಮತ್ತೆ ಬರೆಯುತ್ತಿದ್ದೇನೆ. ಬೇಸಿಗೆ ಏರುವ ಈ ತಿಂಗಳುಗಳಲ್ಲಿ ಇದೇ ಫಜೀತಿಯಲ್ಲಿರುವ ಮನೆಗಳು ಬಹಳ ಇರುತ್ತವೆ, ಅವರಿಗೂ ಬೇಕಾದೀತು. ಬಣವಿಯಲ್ಲಿ ಮಕ್ಕಳನ್ನು ಮುಚ್ಚಿಟ್ಟ ಅಜ್ಜಿಯ ಬಗ್ಗೆ ಹೇಳುವುದು ಸಾಕಷ್ಟಿದೆ, ಆದರೆ ಅವಳು ಕಾಯಬಲ್ಲಳು. ನಿಮ್ಮ ನಾದಿನಿ ಕಾಯುವಂತಿಲ್ಲ.

ನಿಮ್ಮ ಮಗನಿಗೆ ಬಂದಿರುವುದು ಚಿಕನ್‌ಪಾಕ್ಸ್, ಅಂದರೆ ನೀರುಗುಳ್ಳೆಯ ಅಮ್ಮ. ಆರು ವರ್ಷದ ಗಟ್ಟಿಮುಟ್ಟಾದ ಹುಡುಗನಿಗೆ ಇದು ಸಾಮಾನ್ಯವಾಗಿ ಹಗುರವಾಗಿಯೇ ಹೋಗುತ್ತದೆ. ಬಸುರಿಗೆ ಹಾಗಲ್ಲ. ದೊಡ್ಡವರಿಗೆ, ಅದರಲ್ಲೂ ಬಸುರಿಯರಿಗೆ ಬಂದರೆ ಇದು ಪುಪ್ಪುಸಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಮೊದಲ ಐದು ತಿಂಗಳೊಳಗೆ ಬಂದರೆ ಹೊಟ್ಟೆಯಲ್ಲಿರುವ ಕೂಸಿನ ಕೈಕಾಲು, ಕಣ್ಣು, ಮಿದುಳಿಗೆ ಪೆಟ್ಟು ಬೀಳುವ ಸಾಧ್ಯತೆ ನೂರಕ್ಕೆ ಒಂದೆರಡರಷ್ಟು ಇದೆ. ಸಂಖ್ಯೆ ಸಣ್ಣದು, ಆದರೆ ಆ ಒಂದು ನಮ್ಮ ಮನೆಯಲ್ಲೇ ಆದರೆ ಏನು ಮಾಡೋಣ? ಹೆರಿಗೆಗೆ ಐದು ದಿನ ಮುಂಚೆಯಿಂದ ಹೆರಿಗೆಯಾದ ಎರಡು ದಿನದೊಳಗೆ ತಾಯಿಗೆ ಗುಳ್ಳೆ ಎದ್ದರೆ ಹುಟ್ಟಿದ ಕೂಸಿನ ಜೀವಕ್ಕೇ ಬರುತ್ತದೆ. ನಾದಿನಿ ಆ ಹಂತದಲ್ಲಿಲ್ಲ. ಇದನ್ನು ಓದುತ್ತಿರುವ ಬೇರೆ ಯಾರ ಮನೆಯಲ್ಲೋ ಇರಬಹುದೆಂದು ಬರೆದೆ.

ಅವಳಿಗೆ ಚಿಕ್ಕಂದಿನಲ್ಲಿ ಅಮ್ಮ ಆಗಿತ್ತೇ ಎಂದು ಅತ್ತೆಯವರನ್ನೇ ಕೇಳಿ, ತಾಯಂದಿರಿಗೆ ಇದು ಮರೆಯುವುದಿಲ್ಲ. ಖಚಿತವಾಗಿ ಆಗಿದ್ದರೆ ಬಹುತೇಕ ಚಿಂತೆಯಿಲ್ಲ. ಆಗಿಲ್ಲ ಅಥವಾ ನೆನಪಿಲ್ಲ ಅಂದರೆ ಇವತ್ತೇ ಹೆರಿಗೆ ಡಾಕ್ಟರ ಹತ್ತಿರ ಒಯ್ದು ರಕ್ತ ಪರೀಕ್ಷೆ ಮಾಡಿಸಿ, ಮೈಯಲ್ಲಿ ರಕ್ಷಣೆ ಇದೆಯೋ ಇಲ್ಲವೋ ಅದರಲ್ಲಿ ತಿಳಿಯುತ್ತದೆ. ಇಲ್ಲವೆಂದಾದರೆ, ರೋಗಿಯ ಸಂಗ ಆದ ಹತ್ತು ದಿನದೊಳಗೆ ಕೊಡುವ ಇಮ್ಯುನೊಗ್ಲೊಬ್ಯುಲಿನ್ ಎಂಬ ಇಂಜೆಕ್ಷನ್ ಇದೆ. ಅದು ಎಲ್ಲ ಕಡೆ ಸಿಗುವುದಿಲ್ಲ, ಹಾಗಾಗಿ ಹುಡುಕಲು ಸಮಯ ಬೇಕು. ಅದು ಸಿಗದಿದ್ದರೆ ಬೇರೆ ಔಷಧದ ದಾರಿಯನ್ನು ಡಾಕ್ಟರು ಹೇಳುತ್ತಾರೆ. ಬಸುರಿಗೆ ಚಿಕನ್‌ಪಾಕ್ಸ್ ಲಸಿಕೆ ಹಾಕುವಂತಿಲ್ಲ. ಗಾಬರಿಯಲ್ಲಿ ಅವಳನ್ನು ಗಂಡನ ಮನೆಗೆ ಬಸ್ಸು ಹತ್ತಿಸಿ ಕಳಿಸಬೇಡಿ. ಸಂಗ ಆದ ಮೇಲೆ ಗುಳ್ಳೆ ಏಳಲು 10ರಿಂದ 21 ದಿನ ಹಿಡಿಯುತ್ತದೆ, ಅಷ್ಟರಲ್ಲಿ ಅಲ್ಲಿಯೂ ಒಬ್ಬ ಬಸುರಿಯೋ ಬಾಣಂತಿಯೋ ಇರಬಹುದು. ಮಗನ ಗುಳ್ಳೆಗಳೆಲ್ಲ ಒಣಗಿ ಹಕ್ಕಳೆ ಕಟ್ಟುವವರೆಗೆ ಅವಳು ಅವನ ಹತ್ತಿರ ಸುಳಿಯಬಾರದು, ಅಷ್ಟೇ.

ಇನ್ನು ಅಜ್ಜಿಯ ಮಾತು.

ನಿಮ್ಮ ಅತ್ತೆಗೆ ಎಪ್ಪತ್ತು ಎಂದಿರಿ. ಅವರ ತಾಯಿ ಕೂಸಾಗಿದ್ದದ್ದು ಸುಮಾರು 1930ರ ಹಿಂದುಮುಂದು. ಆಗ ನಮ್ಮ ಕಲಬುರಗಿ, ಬೀದರ, ಯಾದಗಿರಿ ಎಲ್ಲ ಹೈದರಾಬಾದ್ ಸಂಸ್ಥಾನ. ಆ ಕಾಲದ ಒಂದು ಊರನ್ನು ಕಣ್ಣಮುಂದೆ ತಂದುಕೊಳ್ಳಿ. ಮಾಲಿಪಾಟೀಲ, ಪೊಲೀಸ್ ಪಾಟೀಲ, ಕುಲಕರ್ಣಿ. ಸರ್ಕಾರದ ಕಡೆಯವರು ಊರಿಗೆ ಬಂದರೆಂದರೆ ಒಂದೋ ಕಂದಾಯ, ಇಲ್ಲ ಬಿಟ್ಟಿ ಚಾಕರಿ. ಅವರ ಗಂಟುಮೂಟೆ ಹೊರುವವರು ಕೇರಿಯವರು, ಅವರ ಕುದುರೆಗೆ ಹುಲ್ಲು ಊರವರದ್ದು. ಅದೇ ದಾರಿಯಲ್ಲಿ, ಅದೇ ಚಾವಡಿಗೆ, ಒಬ್ಬ ಮನುಷ್ಯ ಪೆಟ್ಟಿಗೆ ಹಿಡಿದು ಬರುತ್ತಾನೆ. ಅವನ ಮಾತು ಉರ್ದು. ಅವನ ಕೈಯಲ್ಲಿ ಮಕ್ಕಳ ತೋಳು ಗೀರುವ ಕಬ್ಬಿಣ. ಮಕ್ಕಳನ್ನು ತನ್ನಿ ಎನ್ನುತ್ತಾನೆ, ಏಕೆ ಎಂದು ಹೇಳುವುದಿಲ್ಲ. ಹೇಳಿದರೂ ಹೆಂಗಸರಿಗೆ ಭಾಷೆ ತಿಳಿಯುವುದಿಲ್ಲ. ಒಳ್ಳೆಯದನ್ನು ಮಾಡಲು ಸರ್ಕಾರ ಬಂದಿದೆ ಎಂದು ಆ ತಾಯಿ ಯಾವ ಅನುಭವದ ಮೇಲೆ ನಂಬಬೇಕಿತ್ತು?

ಭಾಷೆಯ ಮಾತು ನನಗೆ ತೀರಾ ಮುಖ್ಯ ಅನ್ನಿಸುತ್ತದೆ. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಆಧುನಿಕ ಜ್ಞಾನವನ್ನೆಲ್ಲ ಉರ್ದುವಿನಲ್ಲಿ ಕಲಿಸಲು ಹೊರಟಿತು. ಅದು ಸಣ್ಣ ಸಾಹಸವಲ್ಲ. ಆದರೆ ಭೀಮಾ ದಂಡೆಯ ಹಳ್ಳಿಯ ಹೆಂಗಸಿಗೆ ಅದೂ ಇಂಗ್ಲಿಷಿನಷ್ಟೇ ದೂರ. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ್ದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಮಠದ ಸ್ವಾಮಿಗಳೇ ಹಾಗೆ ಬೋರ್ಡಿನ ಹಿಂದೆ ಕನ್ನಡ ಕಲಿಸಬೇಕಾದ ಕಾಲದಲ್ಲಿ ರೋಗಾಣು ಎಂದರೇನೆಂದು ಕನ್ನಡದಲ್ಲಿ ತಿಳಿಸಿ ಹೇಳುವವರು ಎಲ್ಲಿದ್ದರು? ಸೊಳ್ಳೆಯಿಂದ ಮಲೇರಿಯಾ ಎಂಬುದರ ಸುಳಿವನ್ನು ರೊನಾಲ್ಡ್ ರಾಸ್ 1897ರ ಆಗಸ್ಟ್ 20ರಂದು ಕಂಡದ್ದು ಸಿಕಂದರಾಬಾದಿನಲ್ಲಿ, ಇದೇ ನಿಜಾಮರ ಸೀಮೆಯಲ್ಲಿ, ಕಲಬುರಗಿಯಿಂದ ಒಂದು ಹಗಲಿನ ರೈಲು ದಾರಿಯಲ್ಲಿ. ವಾಡಿಯಿಂದ ಆ ಕಡೆಗೆ ರೈಲು 1874ರಲ್ಲೇ ಓಡುತ್ತಿತ್ತು. ಸುದ್ದಿ ಮಾತ್ರ ಹಳ್ಳಿಯ ಸ್ಟೇಷನ್ನಿನಲ್ಲಿ ಇಳಿಯಲಿಲ್ಲ.

ಲಸಿಕೆಯ ಆಗಿನ ರೀತಿಯನ್ನೂ ನೋಡಬೇಕು. ಎಡ್ವರ್ಡ್ ಜೆನ್ನರ್ 1796ರಲ್ಲಿ ಹಸುವಿನ ಗುಳ್ಳೆಯ ರಸದಿಂದ ಸಿಡುಬು ತಡೆಯಬಹುದೆಂದು ತೋರಿಸಿದ. 1802ರಲ್ಲಿ ಮುಂಬೈಯಲ್ಲಿ ಮೂರು ವರ್ಷದ ಹುಡುಗಿಯೊಬ್ಬಳಿಗೆ ಅದನ್ನು ಹಾಕಿದರು, ನಮ್ಮ ದೇಶದಲ್ಲಿ ಲಸಿಕೆ ಶುರುವಾದದ್ದು ಅಲ್ಲಿಂದ. ಆಮೇಲೆ ಬಹಳ ಕಾಲ ಅದನ್ನು ಒಯ್ಯುತ್ತಿದ್ದ ರೀತಿ ತೋಳಿಂದ ತೋಳಿಗೆ. ಒಂದು ಮಗುವಿಗೆ ಹಾಕಿ, ಎಂಟು ದಿನಕ್ಕೆ ಗುಳ್ಳೆ ಎದ್ದ ಮೇಲೆ ಅದನ್ನು ಒಡೆದು ರಸ ತೆಗೆದು ಇನ್ನೊಂದು ಮಗುವಿಗೆ ಹಾಕುವುದು. ಗುಳ್ಳೆ ಒಡೆಸಿಕೊಳ್ಳುವ ಮಗು ಹೆಚ್ಚಾಗಿ ಕೇರಿಯ ಬಡವರದ್ದೇ ಆಗಿರುತ್ತಿತ್ತು. ಮೇಲು ಜಾತಿಯವರು ಮೈಲಿಗೆ ಎಂದು ಹಿಂಜರಿದರು, ಕೇರಿಯವರು ನಮ್ಮ ಕೂಸನ್ನು ಯಾಕೆ ಗೋಳು ಹೊಯ್ದುಕೊಳ್ಳುತ್ತೀರಿ ಎಂದು ಹಿಂಜರಿದರು. ಇದರಲ್ಲಿ ಎರಡನೆಯದು ನ್ಯಾಯವಾದ ಮಾತು. ಮೇಲಾಗಿ ಆ ರಸದ ಜೊತೆ ಬೇರೆ ರೋಗಗಳೂ, ಉಪದಂಶ (ಸಿಫಿಲಿಸ್ ಎಂಬ ಗುಹ್ಯರೋಗ) ಕೂಡ, ದಾಟುವ ಅಪಾಯ ನಿಜವಾಗಿಯೂ ಇತ್ತು. ಕರುವಿನ ಮೈಮೇಲೆ ಬೆಳೆಸಿದ ಲಸಿಕೆ ಬಂದ ಮೇಲೆ ಆ ಅಪಾಯ ತಪ್ಪಿತು. ಆಗ ಆಕಳ ಕರುವಿಗೆ ನೋವು ಕೊಟ್ಟ ರಸ ನಮಗೆ ಬೇಡ ಎಂದವರು ಹುಟ್ಟಿಕೊಂಡರು.

ಎಲ್ಲಕ್ಕಿಂತ ದೊಡ್ಡ ಶತ್ರು ನಮ್ಮ ಬಿಸಿಲು. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 42 ಡಿಗ್ರಿ ಹೊಸದೇನಲ್ಲ. ಮಂಜುಗಡ್ಡೆ ಕಾಣದ ಹಳ್ಳಿಗೆ ಚಕ್ಕಡಿಯಲ್ಲಿ ಬರುವ ಹೊತ್ತಿಗೆ ಆ ರಸ ಸತ್ತಿರುತ್ತಿತ್ತು. ಅದಕ್ಕೇ ಚಳಿಗಾಲದಲ್ಲಿ ಹಾಕುತ್ತಿದ್ದರು, ಆಗಲೂ ಹಾಕಿದ್ದೆಲ್ಲ ಹಿಡಿಯುತ್ತಿರಲಿಲ್ಲ. ಹಿಡಿದರೂ ವರ್ಷ ಕಳೆದಂತೆ ಅದರ ಬಲ ಕುಗ್ಗುತ್ತಿತ್ತು, ಮತ್ತೆ ಹಾಕಿಸಬೇಕಿತ್ತು. ಹೀಗಾಗಿ “ದೇವಿ ಹಾಕಿಸಿಕೊಂಡ ಮನಿಗೂ ಮೈಲಿ ಬಂತಲ್ಲ” ಎಂದು ಊರವರು ಅಂದರೆ, ಕಣ್ಣಾರೆ ಕಂಡದ್ದನ್ನೇ ಅಂದಂತಾಯಿತು. ಬಿಸಿಲಿಗೂ ಕೆಡದ ಒಣಪುಡಿಯ ಲಸಿಕೆ ಎಲ್ಲೆಡೆ ಸಿಕ್ಕಿದ್ದು ಸ್ವಾತಂತ್ರ್ಯ ಬಂದು ಎಷ್ಟೋ ವರ್ಷಗಳಾದ ಮೇಲೆ.

ಆದ್ದರಿಂದ ನಿಮ್ಮ ಗಂಡನಿಗೆ ಹೇಳಿ. ಆ ಅಜ್ಜಿ ದಡ್ಡಿಯಲ್ಲ. ತನಗೆ ಗೊತ್ತಿದ್ದಷ್ಟರಲ್ಲಿ ಮಕ್ಕಳನ್ನು ಕಾಪಾಡಲು ಹೊರಟವಳು. ಹಾಗೆಂದು ಅವಳ ನಿರ್ಧಾರ ಸರಿಯಿತ್ತು ಎಂದು ನಾನು ಹೇಳಲಾರೆ. ಸಿಡುಬು ಹತ್ತು ಜನಕ್ಕೆ ಬಂದರೆ ಮೂವರನ್ನು ಒಯ್ಯುತ್ತಿತ್ತು, ಉಳಿದವರಲ್ಲಿ ಎಷ್ಟೋ ಜನರ ಕಣ್ಣು ತೆಗೆಯುತ್ತಿತ್ತು. ಅರೆಬರೆ ಹಿಡಿದ ಲಸಿಕೆಯೂ ಅದಕ್ಕಿಂತ ಸಾವಿರ ಪಾಲು ಮೇಲು. ಬಣವಿಯ ಸಂದಿ ಆ ಮಕ್ಕಳನ್ನು ದೇವಿ ಹಾಕುವವನಿಂದ ಮರೆಮಾಡಿತು, ಸಿಡುಬಿನಿಂದ ಮರೆಮಾಡಲಿಲ್ಲ. ಈ ಎರಡು ಮಾತನ್ನೂ ಒಟ್ಟಿಗೆ ಹೇಳುವುದು ಕಷ್ಟ, ಆದರೆ ಎರಡೂ ನಿಜ.

ಈಗ ನಂಬಿಕೆಯ ಒಳಗಿನ ಒಂದು ಲೆಕ್ಕ ತೋರಿಸುತ್ತೇನೆ. ಹತ್ತರಲ್ಲಿ ಮೂವರು ಸತ್ತರೆ ಏಳು ಜನ ಬದುಕುತ್ತಾರೆ. ಆ ಏಳೂ ಮನೆಗಳಲ್ಲಿ ಬೇವು ಕಟ್ಟಿದ್ದರು, ಮರಗಮ್ಮನಿಗೆ ಹರಕೆ ಹೊತ್ತಿದ್ದರು, ಮೊಸರನ್ನದ ಎಡಿ ಕೊಟ್ಟಿದ್ದರು. ಬದುಕಿದವರ ಮನೆಯಲ್ಲಿ ಕತೆ ಹುಟ್ಟುತ್ತದೆ, ತಾಯಿ ಉಳಿಸಿದಳು ಎಂದು. ಸತ್ತವರ ಮನೆಯಲ್ಲೂ ಅದೇ ಬೇವು, ಅದೇ ಹರಕೆ. ಅಲ್ಲಿ ಮಾತ್ರ ಎಲ್ಲೋ ಮಡಿ ತಪ್ಪಿತು, ಯಾರೋ ಮುಟ್ಟಾದವರು ದಾಟಿದರು ಎಂದು ಹೆಣ್ಣುಮಕ್ಕಳ ತಲೆಗೆ ಕಟ್ಟುತ್ತಾರೆ. ಲಸಿಕೆ ಹಿಡಿದು ರೋಗವೇ ಬರದಿದ್ದ ಮಗುವಿನ ಬಗ್ಗೆ ಯಾರೂ ಕತೆ ಹೇಳುವುದಿಲ್ಲ, ಏಕೆಂದರೆ ಅಲ್ಲಿ ಏನೂ ನಡೆದೇ ಇಲ್ಲ. ಹೀಗೆ ಮೂರು ತಲೆಮಾರು ಕಳೆದರೆ ಸಾಕು, ನಂಬಿಕೆಗೆ ಸಾಕ್ಷಿ ರಾಶಿ ಬೀಳುತ್ತದೆ, ಲಸಿಕೆಗೆ ಒಂದೂ ಇರುವುದಿಲ್ಲ.

ಇದಕ್ಕೆ ಇನ್ನೊಂದು ಗೊಂದಲ ಸೇರಿಕೊಂಡಿದೆ. ನಿಮ್ಮ ಮನೆಯ ಜಗಳದ ಬೇರು ಇಲ್ಲೇ ಇದೆ ಎಂದು ನನ್ನ ಅಂದಾಜು. ಅಮ್ಮ ಎಂಬ ಒಂದೇ ಹೆಸರಲ್ಲಿ ನಮ್ಮ ಹಿರಿಯರು ಮೂರು ಬೇರೆ ಬೇರೆ ರೋಗಗಳನ್ನು ಕರೆದರು. ಒಂದು ಸಿಡುಬು, ಅಂದರೆ ಮೈಲಿ. ಇನ್ನೊಂದು ದಡಾರ, ನಮ್ಮ ಕಡೆ ಕೆಲವರು ಗೊಬ್ಬರ ಅನ್ನುತ್ತಾರೆ. ಮೂರನೆಯದು ಈ ನೀರುಗುಳ್ಳೆ. ಮೂರಕ್ಕೂ ಜ್ವರ ಇದೆ, ಮೈಮೇಲೆ ಏಳುವುದಿದೆ, ಆದರೆ ಸ್ವಭಾವ ಬೇರೆ. ಸಿಡುಬಿನ ಗುಳ್ಳೆ ಮುಖ, ಕೈಕಾಲು, ಅಂಗೈಯಲ್ಲಿ ಹೆಚ್ಚು, ಎಲ್ಲ ಒಂದೇ ಹದದಲ್ಲಿ ಬೆಳೆಯುತ್ತವೆ. ನೀರುಗುಳ್ಳೆ ಎದೆ, ಬೆನ್ನಿನ ಮೇಲೆ ಹೆಚ್ಚು. ಒಂದು ಕಡೆ ಹೊಸದು ಏಳುತ್ತಿರುವಾಗಲೇ ಇನ್ನೊಂದು ಕಡೆ ಹಳೆಯದು ಒಣಗುತ್ತಿರುತ್ತದೆ. ಆ ಅಜ್ಜಿಯ ಇಬ್ಬರು ಮಕ್ಕಳನ್ನು ಒಯ್ದ ಸಿಡುಬು ಈ ನೆಲದ ಮೇಲೆ ಇಲ್ಲವೇ ಇಲ್ಲ. ನಮ್ಮ ದೇಶದ ಕೊನೆಯ ರೋಗಿ ಕಂಡದ್ದು 1975ರ ಮೇ ತಿಂಗಳಲ್ಲಿ. 1980ರಲ್ಲಿ ಇಡೀ ಜಗತ್ತಿನಿಂದಲೇ ಅದು ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಹೆಸರು ಮಾತ್ರ ಉಳಿದು, ಮೂವರಲ್ಲಿ ಸೌಮ್ಯವಾದ ಈ ನೀರುಗುಳ್ಳೆಗೆ ಅಂಟಿಕೊಂಡಿತು. ಇದು ಔಷಧವಿಲ್ಲದಿದ್ದರೂ ಏಳರಿಂದ ಹತ್ತು ದಿನದಲ್ಲಿ ತಾನಾಗಿ ಒಣಗುತ್ತದೆ. ಒಂಬತ್ತು ದಿನದ ನೇಮವೂ ಅಷ್ಟೇ ಹೊತ್ತಿಗೆ ಮುಗಿಯುತ್ತದೆ. ನೇಮದಿಂದಲೇ ವಾಸಿಯಾಯಿತು ಎಂದು ಅನ್ನಿಸುವುದು ಸಹಜ. ಅತ್ತೆಯವರ ಭಯ ಸಿಡುಬಿನದು, ಮೊಮ್ಮಗನ ರೋಗ ಬೇರೆಯದು. ಇದನ್ನು ಅವರಿಗೆ ಯಾರೂ ಹೇಳಿಯೇ ಇಲ್ಲ.

ನೇಮದೊಳಗೆ ಒಳ್ಳೆಯದೂ ಇದೆ ಎಂಬುದನ್ನು ನಾನು ಮನಸಾರೆ ಒಪ್ಪುತ್ತೇನೆ. ಬಾಗಿಲ ಬೇವು ಎಂದರೆ ಈ ಮನೆಯಲ್ಲಿ ರೋಗವಿದೆ, ಒಳಗೆ ಬರಬೇಡಿ ಎಂಬ ಫಲಕ. ಓದು ಬಾರದ ಊರಿಗೆ ಇದಕ್ಕಿಂತ ಚೆನ್ನಾದ ಫಲಕ ಯಾರು ಬರೆದಾರು? ತಂಪು ಆಹಾರ, ಅಂಬಲಿ, ಮಜ್ಜಿಗೆ, ಎಳನೀರು, ಎಲ್ಲ ಒಳ್ಳೆಯದೇ. ಪ್ಲೇಗು ಬಂದ ಕಾಲದಲ್ಲಿ ಇಲಿ ಬಿದ್ದೊಡನೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರಲ್ಲ, ಅದು ಎಷ್ಟೋ ಜೀವ ಉಳಿಸಿತು, ಏಕೆಂದರೆ ಪ್ಲೇಗಿನ ಚಿಗಟ ಮನೆಯ ಇಲಿಯೊಂದಿಗೇ ಉಳಿಯುತ್ತಿತ್ತು. ಜನ ಅನುಭವದಿಂದ ಕಲಿತದ್ದು, ಪ್ರಯೋಗಶಾಲೆ ಹೇಳಿದ್ದು, ಅಲ್ಲಿ ಎರಡೂ ಒಂದೇ ಆಗಿದ್ದವು. ಬೇವಿನಿಂದ ಗುಳ್ಳೆ ವಾಸಿಯಾಗುತ್ತದೆ ಎಂಬುದಕ್ಕೆ ಮಾತ್ರ ಆಧಾರವಿಲ್ಲ. ತಪ್ಪಲ ಬಾಗಿಲಲ್ಲಿ, ಹಾಸಿಗೆಯ ಬದಿಯಲ್ಲಿ ಇರಲಿ. ಅರೆದು ಒಡೆದ ಗುಳ್ಳೆಗೆ ಹಚ್ಚಬೇಡಿ, ಉರಿಯುತ್ತದೆ, ಕೀವಾಗಬಹುದು. ಜಳಕ ಬೇಡವೆಂಬುದು ನನಗೆ ಒಪ್ಪಿಗೆಯಿಲ್ಲ. ಬೆವರು, ಕೊಳೆ, ತುರಿಸುವ ಉಗುರು ಸೇರಿದರೆ ಗುಳ್ಳೆಯಲ್ಲಿ ಕೀವು ತುಂಬುತ್ತದೆ, ಕಲೆ ಉಳಿಯುವುದೂ ಅದರಿಂದಲೇ. ಉಗುರುಬೆಚ್ಚಗಿನ ನೀರು ಹಾಕಿ, ಉಜ್ಜದೆ ಮೆತ್ತನೆ ಅರಿವೆಯಿಂದ ಒತ್ತಿ ಒರೆಸಿ. ನೀರಿಗೆ ನಾಲ್ಕು ಎಸಳು ಬೇವು ಬಿಟ್ಟರೆ ಅತ್ತೆಗೂ ಸಮಾಧಾನ, ಹುಡುಗನಿಗೂ ಕೇಡಿಲ್ಲ.

ನಿಮ್ಮ ಮುಂದೆ ಮೂರು ದಾರಿ ಇವೆ. ಮೊದಲನೆಯದು ಅತ್ತೆ ಹೇಳಿದಂತೆ ಒಂಬತ್ತು ದಿನ ಕಾಯುವುದು. ಬಹಳಷ್ಟು ಮಕ್ಕಳು ಹಾಗೆಯೇ ಗುಣವಾಗುತ್ತಾರೆ ಎಂಬುದನ್ನು ಮುಚ್ಚಿಡಲಾರೆ. ಅಪಾಯ ಇರುವುದು ಉಳಿದ ಕೆಲವರಲ್ಲಿ. ನ್ಯುಮೋನಿಯಾ, ಮಿದುಳಿಗೆ ಏರುವ ಸೋಂಕು, ಚರ್ಮದ ಕೀವು ರಕ್ತಕ್ಕೆ ಸೇರುವುದು. ಕಾಯುವ ಮನೆಯವರು ಇವನ್ನು ತಾಯಿಯ ಆಟ ಎಂದುಕೊಂಡು ಎರಡು ದಿನ ಕಳೆಯುತ್ತಾರೆ, ಜೀವ ಹೋಗುವುದು ಆ ಎರಡು ದಿನದಲ್ಲಿ. ಜೊತೆಗೆ ನಮ್ಮಲ್ಲಿ ಅಮ್ಮನನ್ನು ನೋಡಲು ಬರುವವರಿದ್ದಾರೆ, ಉಡಿ ತುಂಬಲು ಓಣಿಯ ಹೆಂಗಸರೆಲ್ಲ ಕೂಸು ಕಟ್ಟಿಕೊಂಡು ಬರುತ್ತಾರೆ. ಬೇವು ತಡೆದದ್ದನ್ನು ಉಡಿ ಒಳಗೆ ಕರೆಯುತ್ತದೆ. ಗುಳ್ಳೆ ಏಳುವ ಒಂದೆರಡು ದಿನ ಮುಂಚಿನಿಂದ ಎಲ್ಲ ಹಕ್ಕಳೆ ಕಟ್ಟುವವರೆಗೆ ಇದು ಅಂಟುತ್ತದೆ. ಉಡಿ ತುಂಬುವುದಿದ್ದರೆ ಹುಡುಗ ಗುಣವಾದ ಮೇಲೆ ಗುಡಿಯಲ್ಲೇ ತುಂಬಲಿ.

ಎರಡನೆಯದು ನಿಮ್ಮ ಗಂಡನ ದಾರಿ. ಬೇವು ಕಿತ್ತೆಸೆದು, ತಾಯಿಯ ಬಾಯಿ ಮುಚ್ಚಿಸಿ ದವಾಖಾನೆಗೆ ಒಯ್ಯುವುದು. ಇದರ ಅಪಾಯ ಹುಡುಗನಿಗಲ್ಲ, ಮುಂದಿನ ಕೂಸಿಗೆ. ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ. ನೌಕರಿಗೆ ಹೊಸದಾಗಿ ಸೇರಿದಾಗ ನಾನು ಒಂದು ಹಳ್ಳಿಯ ಆರೋಗ್ಯ ಕೇಂದ್ರದಲ್ಲಿದ್ದೆ. ಒಂದು ಮನೆಯಲ್ಲಿ ನೀರುಗುಳ್ಳೆ ಎದ್ದ ಹುಡುಗಿಯನ್ನು ನೋಡಲು ಹೋಗಿ, ಬಾಗಿಲ ಬೇವನ್ನು ನಾನೇ ಕಿತ್ತು ಬೀದಿಗೆ ಎಸೆದೆ. ಮುದುಕಿಗೆ ಓಣಿಯ ಜನರೆದುರೇ ನಾಲ್ಕು ಮಾತು ಬಿಗಿಯಾಗಿ ಅಂದೆ. ಆಕೆ ಏನೂ ಅನ್ನಲಿಲ್ಲ. ಹುಡುಗಿ ಗುಣವಾದಳು. ಮರುವರ್ಷ ಅದೇ ಮನೆಯ ಒಂದೂವರೆ ವರ್ಷದ ಕೂಸಿಗೆ ದಡಾರ ಆಯಿತು. ಡಾಕ್ಟರು ಬಂದು ತಾಯಿಗೆ ಅವಮಾನ ಮಾಡುತ್ತಾನೆಂದು ಈ ಸಲ ಬಾಗಿಲಿಗೆ ಬೇವನ್ನೇ ಕಟ್ಟಲಿಲ್ಲ, ನನಗೆ ಸುದ್ದಿಯೇ ಬರಲಿಲ್ಲ. ಆರನೇ ದಿನ ಉಸಿರು ಎಳೆಯುತ್ತಿದ್ದ ಕೂಸನ್ನು ರಾತ್ರಿ ಹೊತ್ತು ತಂದರು. ಉಳಿಸಲಾಗಲಿಲ್ಲ. ಮುದುಕಿ ನನ್ನ ಕಡೆ ನೋಡಲೇ ಇಲ್ಲ. ಆ ಬೇವಿನ ಎಸಳುಗಳು ನನಗೆ ಇವತ್ತಿಗೂ ನೆನಪಿಗೆ ಬರುತ್ತವೆ. ಅಂದಿನಿಂದ ಯಾವ ಮನೆಗೆ ಹೋದರೂ ನನ್ನ ಮೊದಲ ಪ್ರಶ್ನೆ, ಅಮ್ಮಾ, ತಾಯಿಗೆ ಏನು ಎಡಿ ಇಟ್ಟಿರಿ ಎಂದು.

ಇದು ಹಳೇ ಕಾಲದ ಮಾತೆಂದು ನಿಮ್ಮ ಗಂಡ ಅಂದುಕೊಳ್ಳುವುದು ಬೇಡ. 2017ರ ಫೆಬ್ರುವರಿಯಲ್ಲಿ ದಡಾರ ಮತ್ತು ರುಬೆಲ್ಲಾ ಲಸಿಕೆಯ ಅಭಿಯಾನ ನಡೆದಾಗ ಮೊಬೈಲಿನಲ್ಲಿ ಬಂದ ಸುಳ್ಳು ಸುದ್ದಿ ನಂಬಿ, ಓದಿದ ತಂದೆತಾಯಿಗಳೇ ಮಕ್ಕಳನ್ನು ಆ ದಿನ ಶಾಲೆಗೆ ಕಳಿಸದೆ ಮನೆಯಲ್ಲಿ ಇಟ್ಟುಕೊಂಡರು. ಕಣಕಿ ಬಣವಿಗೂ ಅದಕ್ಕೂ ನನಗೆ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಕಲಬುರಗಿ ಪಕ್ಕದ ತಾಜ್‌ಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಿದ್ದು ಎಲ್ಲರೂ ಓದಿದ ಸುದ್ದಿ. ಅದನ್ನು ಕಂಡು ಸಿಟ್ಟು ಬಂದವರಲ್ಲಿ ನಾನೂ ಒಬ್ಬ. ಹಾಗೆ ಮಾಡಿದವರು ಮಕ್ಕಳ ಮೇಲೆ ಪ್ರೀತಿ ಇಲ್ಲದವರಲ್ಲ. ಎಲ್ಲ ಬಾಗಿಲು ತಟ್ಟಿ ಸೋತ ತಂದೆತಾಯಿಯ ಕಾಲು ಕೊನೆಗೆ ಯಾರು ಭರವಸೆ ಕೊಡುತ್ತಾರೋ ಆ ಕಡೆ ಎಳೆಯುತ್ತದೆ. ಚಿಕಿತ್ಸೆ ತಡೆಯುವ ಇಂಥ ಆಚರಣೆಗಳಿಗೆ ನಮ್ಮ ರಾಜ್ಯದಲ್ಲಿ 2017ರ ಕಾನೂನು ಇದೆ. ಹಾವು, ಚೇಳು, ನಾಯಿ ಕಚ್ಚಿದಾಗ ದವಾಖಾನೆಗೆ ಒಯ್ಯದಂತೆ ತಡೆದು ಮಂತ್ರ ಹಾಕುವುದು ಅದರಡಿ ಅಪರಾಧ. ಆ ಕಾನೂನು ಬೇಕೇ ಬೇಕು. ಮನೆಯೊಳಗಿನ ಅಜ್ಜಿಗೆ ಮಾತ್ರ ಕಾನೂನು ತೋರಿಸಿ ಪ್ರಯೋಜನವಿಲ್ಲ.

ಮೂರನೆಯ ದಾರಿ, ನಾನು ಹಿಡಿಯಿರಿ ಎನ್ನುವುದು, ಎರಡನ್ನೂ ಒಂದೇ ಮನೆಯಲ್ಲಿ ಇಡುವುದು. ಬೇವು ಇರಲಿ, ಎಡಿ ಇರಲಿ, ಒಗ್ಗರಣೆ ಒಂಬತ್ತು ದಿನ ಇಲ್ಲದಿದ್ದರೆ ಯಾರೂ ಸಾಯುವುದಿಲ್ಲ. ಅದರ ಜೊತೆಗೆ ಹುಡುಗನನ್ನು ಒಮ್ಮೆ ಡಾಕ್ಟರಿಗೆ ತೋರಿಸಿ. ಜನರ ಸಾಲಿನಲ್ಲಿ ಕೂರಿಸದೆ, ಮುಂಚೆಯೇ ಫೋನು ಮಾಡಿ ಒಯ್ಯಿರಿ. ಜ್ವರಕ್ಕೆ ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್ ಇರುವ ಯಾವ ಗುಳಿಗೆಯನ್ನೂ ಕೊಡಬೇಡಿ, ಈ ರೋಗದಲ್ಲಿ ಅದು ಮಗುವಿನ ಯಕೃತ್ತು, ಮಿದುಳಿಗೆ ಮಾರಕವಾಗಬಹುದು. ಐಬುಪ್ರೊಫೆನ್ ಕೂಡ ಬೇಡ. ಕಿರಾಣಿ ಅಂಗಡಿಯ ಜ್ವರದ ಗುಳಿಗೆ ತರುವ ಮುಂಚೆ ಹೆಸರು ಓದಿಸಿ. ಉಗುರು ಕತ್ತರಿಸಿ, ತುರಿಕೆಗೆ ಕ್ಯಾಲಮೈನ್ ಹಚ್ಚಿ. ಈ ವಯಸ್ಸಿನ ಆರೋಗ್ಯವಂತ ಮಗುವಿಗೆ ಸೂಜಿ ಸಾಮಾನ್ಯವಾಗಿ ಬೇಕಾಗುವುದೇ ಇಲ್ಲ. ಇದನ್ನು ಅತ್ತೆಗೆ ಮೊದಲು ಹೇಳಿ, ಅವರ ಅರ್ಧ ಭಯ ಇಳಿಯುತ್ತದೆ. ಮನೆಯಲ್ಲಿ ಅಮ್ಮ ಆಗದ ದೊಡ್ಡವರಿದ್ದು ಅವರಿಗೆ ಗುಳ್ಳೆ ಎದ್ದರೆ ಅವರು ಮೊದಲ ದಿನವೇ ಬರಬೇಕು. ಅಸೈಕ್ಲೊವಿರ್ ಎಂಬ ಔಷಧ ಮೊದಲ 24 ಗಂಟೆಯೊಳಗೆ ಶುರುಮಾಡಿದರೆ ಹೆಚ್ಚು ಕೆಲಸ ಮಾಡುತ್ತದೆ.

ಉಸಿರು ಜೋರಾದರೆ, ಹುಡುಗ ಎಬ್ಬಿಸಿದರೂ ಏಳದಷ್ಟು ಮಂಕಾದರೆ, ಪದೇ ಪದೇ ವಾಂತಿಯಾದರೆ, ಕುತ್ತಿಗೆ ಬಿಗಿದರೆ, ನಡೆಯುವಾಗ ತೂರಾಡಿದರೆ, ಗುಳ್ಳೆಯ ಸುತ್ತ ಚರ್ಮ ಕೆಂಪಾಗಿ ಬಿಸಿಯಾಗಿ ಹರಡಿದರೆ, ಜ್ವರ ನಾಲ್ಕು ದಿನ ದಾಟಿದರೆ ಅಥವಾ ಬಿಟ್ಟ ಜ್ವರ ಮತ್ತೆ ಏರಿದರೆ, ಯಾವ ನೇಮವನ್ನೂ ಯಾರ ಒಪ್ಪಿಗೆಯನ್ನೂ ಕಾಯಬೇಡಿ. ಇದರಲ್ಲಿ ನನ್ನಿಂದ ರಾಜಿ ಇಲ್ಲ.

ಇನ್ನು ಅತ್ತೆಗೆ ಹೇಗೆ ಹೇಳುವುದು. ಗಂಡ ಮೊದಲು ತಪ್ಪಾಯಿತು ಅನ್ನಲಿ. ಔಷಧದ ವಿಷಯದಲ್ಲಿ ಅವರು ಸರಿ. ಸತ್ತ ಕೂಸುಗಳನ್ನು ವಾದಕ್ಕೆ ಎಳೆದದ್ದು ತಪ್ಪು. ಪ್ರಶ್ನೆ ಕೇಳುವುದು, ಹಳೆಯ ಆಚಾರವನ್ನು ಎದುರುಬದುರು ನಿಂತು ಒರೆಗೆ ಹಚ್ಚುವುದು ನಮ್ಮ ಸೀಮೆಗೆ ಹೊಸದಲ್ಲ. ಬಸವಕಲ್ಯಾಣದ ಶರಣರು ಎಂಟು ನೂರು ವರ್ಷಗಳ ಹಿಂದೆಯೇ ಅದನ್ನು ಮಾಡಿದ್ದರು, ಜನರ ಭಾಷೆಯಲ್ಲಿ, ಜನರ ನಡುವೆ ಕೂತು.

ನೀವು ಸಂಜೆ ಹೊತ್ತು ಅತ್ತೆಯ ಪಕ್ಕ ಕೂತು ಅವರ ತಾಯಿಯ ಕತೆಯನ್ನು ಪೂರ್ತಿ ಹೇಳಿಸಿ. ಅರ್ಧಕ್ಕೆ ತಡೆಯಬೇಡಿ. ಆಮೇಲೆ ಅವರ ತೋಳು ನೋಡಿ. ಎಪ್ಪತ್ತು ವರ್ಷದವರು ಎಂದರೆ ಹುಟ್ಟಿದ್ದು 1955ರ ಸುಮಾರಿಗೆ. ಆ ಕಾಲದಲ್ಲಿ ಹುಟ್ಟಿದ ಬಹುತೇಕರ ತೋಳಿನ ಮೇಲೋ ಮುಂಗೈ ಮೇಲೋ ನಾಣ್ಯದಗಲದ ಕುಳಿಬಿದ್ದ ಕಲೆ ಇರುತ್ತದೆ. ತಿರುಗುವ ಹಲ್ಲಿನ ಕಬ್ಬಿಣ ಒತ್ತಿ ಸಿಡುಬಿನ ಲಸಿಕೆ ಹಾಕಿದ ಗುರುತು ಅದು. ನಿಮ್ಮ ಅತ್ತೆಗೂ ಇದ್ದೀತು ಎಂದು ಫೋನಿನಲ್ಲಿ ಹೇಳಿದಾಗ, ನೀವು ಅಡುಗೆಮನೆಯಿಂದ ಹೋಗಿ ನೋಡಿ ಬಂದು, ಎಡತೋಳಿನಲ್ಲಿ ಎರಡು ಇವೆ ಎಂದಿರಿ.

ಅವರಿಗೆ ಆಗ ಮೂರೋ ನಾಲ್ಕೋ ವರ್ಷ ಇದ್ದಿರಬೇಕು. ಆ ವಯಸ್ಸಿನ ಮಗು ತಾನಾಗಿ ಹೋಗಿ ತೋಳು ಚಾಚುವುದಿಲ್ಲ. ಅವರನ್ನು ಎತ್ತಿಕೊಂಡು ಹೋಗಿ ದೇವಿ ಹಾಕಿಸಿದವರು ಯಾರು ಎಂದು ಕೇಳಿ.